ಕಾಕಾ ಎಲ್ಲಿ ಕುಳಿತು ಬಿಡಿಸಿದರು?

ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಮುಳುಗಿದ ಬಾಗಲಕೋಟೆಯವರಿಗಾಗಿ ಕಟ್ಟಿದ ನವನಗರದಲ್ಲಿ ನಮ್ಮ ಎದುರು ಮನೆಯ ಕಾಕಾ ಒಂದು ಸಂಜೆ ಡ್ರಾಯಿಂಗ್ ಹಾಳೆಯ ಸುರುಳಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಪೆನ್ಸಿಲ್ ಚಿತ್ರ. ಹಿನ್ನೀರು, ತುದಿ ಮುರಿದ ಒಂದು ಒಣ ಬೇವು, ಅದರಾಚೆ ಅಡ್ಡಲಾಗಿ ಒಂದು ಗೆರೆ. ಹಕ್ಕಿಯಿಲ್ಲ, ದೋಣಿಯಿಲ್ಲ, ಜನರಿಲ್ಲ. “ಏನು ಕಾಣುತ್ತದೆ ಹೇಳಿರಿ ಮಾಸ್ತರರೇ” ಎಂದರು.

ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ನಾಲಿಗೆ ಸುಮ್ಮನಿರುತ್ತದೆಯೇ? ಒಣಮರ ಎಂದರೆ ಸಾವು, ನೀರು ಎಂದರೆ ಕಾಲ, ಮುಳುಗಿದ್ದು ಹಳೆಯ ಬಾಗಲಕೋಟೆ ಎಂದು ಹೇಳಿಬಿಟ್ಟೆ. ಕಾಕಾ “ಹ್ಞೂಂ” ಎಂದು ಚಹಾ ಕುಡಿದು ಹೊರಟರು. ಹಾಳೆಯನ್ನು ಒಯ್ಯಲಿಲ್ಲ. ಪಂಚಾಂಗ ತೆರೆದು ಹಲ್ಲಿ ಬಿದ್ದ ಫಲ ಓದಿದಂತಾಯಿತಲ್ಲ ಎಂದು ನನಗೇ ನಾಚಿಕೆಯಾಯಿತು.

ಮರುದಿನ ಅರ್ಥದ ಗೊಡವೆ ಬಿಟ್ಟು ಕೈಕೆಲಸ ನೋಡಲು ಕುಳಿತೆ. ಹಾಳೆಯನ್ನು ಮಗುಚಿ ಬೆರಳಾಡಿಸಿದರೆ ಮರದ ಕಾಂಡ ಉಬ್ಬಿ ಸಿಗುತ್ತಿತ್ತು. ಪೆನ್ಸಿಲನ್ನು ಅಷ್ಟು ಒತ್ತಿದ್ದರು. ನೀರಿಗೆ ಬುಡದ ಬಳಿ ನಾಲ್ಕು ತುಂಡು ಗೆರೆ, ಉಳಿದದ್ದು ಬರೀ ಬಿಳಿ ಹಾಳೆ. ಆಮೇಲೆ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಹಾಳೆಯ ಅಂಚಿಗೆ ಓರೆಯಾಗಿ ಹಿಡಿದೆ. ರಬ್ಬರ್ ಕಪ್ಪನ್ನು ಅಳಿಸುತ್ತದೆ, ಒತ್ತಿದ ಗೀರನ್ನು ಅಳಿಸುವುದಿಲ್ಲ. ಮರದ ನಡುವಿಗೆ ಸಮನಾಗಿ, ಎಡದಿಂದ ಬಲಕ್ಕೆ ಅಂಥದೊಂದು ಗೀರು ಇತ್ತು. ದಿಗಂತವನ್ನು ಮೊದಲು ಅಲ್ಲಿ ಎಳೆದು, ಅಳಿಸಿ, ಮರದ ತುದಿಗಿಂತ ಎರಡು ಬೆರಳು ಮೇಲಕ್ಕೆ ಒಯ್ದಿದ್ದರು.

ಬಯಲಿನಲ್ಲಿ ದಿಗಂತ ನೋಡುವವನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ನೆಲದ ಮೇಲೆ ನಿಂತವನಿಗೆ ಮರ ಆ ಗೆರೆಯನ್ನು ದಾಟಿ ಮೇಲೇರಬೇಕು. ಮರವೆಲ್ಲ ಗೆರೆಯ ಕೆಳಗೇ ಉಳಿದರೆ ನೋಡುವವನು ಮರಕ್ಕಿಂತ ಎತ್ತರದಲ್ಲಿದ್ದಾನೆ ಎಂದಾಯಿತು. 14ನೇ ಶತಮಾನದ ಚೀನಾದ ಚಿತ್ರಕಾರ ನಿ ಝಾನ್ ಜನರಿಲ್ಲದ, ಖಾಲಿ ಮಂಟಪವಷ್ಟೇ ಇರುವ ದೃಶ್ಯಗಳನ್ನು ಬಿಡಿಸಿದ. ಅವುಗಳ ಅಚ್ಚುಗಳನ್ನು ಮಕ್ಕಳಿಗೆ ತೋರಿಸುವಾಗ “ನೋಡುತ್ತಿರುವವನು ಎಲ್ಲಿದ್ದಾನೆ?” ಎಂದು ಕೇಳುತ್ತಿದ್ದೆ. ಕಾಕಾರ ಚಿತ್ರದ ಮುಂದೆ ಅದೇ ಪ್ರಶ್ನೆ ಮರೆತಿದ್ದೆ.

ಸ್ಕೂಟರ್ ಹತ್ತಿ ಹಳೆಯ ಊರಿನ ಕಡೆಗೆ ಹೋದೆ. ಆಲಮಟ್ಟಿ ಜಲಾಶಯ 519.60 ಮೀಟರ್‌ವರೆಗೆ ತುಂಬಿದರೆ ಘಟಪ್ರಭೆಯ ಪಾತ್ರದಲ್ಲಿ ನೀರು ಹಿಂದಕ್ಕೆ ಒತ್ತಿ ನಿಲ್ಲುವ ದಂಡೆ ಅದು. ಮರ ಸಿಕ್ಕಿತು. ನಿಂತು ನೋಡಿದರೆ ದೂರದ ಗೆರೆ ಮರದ ನಡುವಿಗೆ, ಅಳಿಸಿದ ಗೀರು ಇದ್ದಲ್ಲಿಗೇ ಬಂತು. ಹತ್ತಿ ನಿಲ್ಲಲು ಅಲ್ಲಿ ದಿಬ್ಬವಿಲ್ಲ, ಸೇತುವೆಯಿಲ್ಲ. ಮನೆಗಳೂ ಇಲ್ಲ.

ಹಾಳೆ ಹಿಂದಿರುಗಿಸಲು ಹೋದಾಗ ಅರ್ಥಗಿರ್ಥ ಹೇಳಲಿಲ್ಲ. “ಕಾಕಾ, ಇದನ್ನು ನಿಮ್ಮ ಮಾಳಿಗೆಯ ಮೇಲಿಂದ ಬಿಡಿಸಿದ್ದೀರಿ” ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಿದ್ದೆವು. ಬೇವಿನ ಗಾಳಿ ನೇರ ಬರುತ್ತಿತ್ತು.” ಅವ್ವನ ಹಾಸಿಗೆ ಎಲ್ಲಿರುತ್ತಿತ್ತು, ತಮ್ಮಂದಿರು ಎಲ್ಲಿ ಮಲಗುತ್ತಿದ್ದರು ಎಂದು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಬೆರಳು ಹಾಳೆಯ ಕೆಳ ಅಂಚನ್ನು ದಾಟಿ ಮೇಜಿನ ಮೇಲೆ ಓಡಾಡುತ್ತಿತ್ತು.