ಜಡಿಮಳೆಯಲ್ಲಿ ಹೇಮಾವತಿ ನಾಲೆಯ ಏರಿ ಹಿಡಿದು ನಲವತ್ತು ಕಿಲೋಮೀಟರ್

ಮಳೆ ಸುರಿಯುವಾಗ ನಾಲೆಯ ಏರಿಯ ಮೇಲೆ ಒಂದೇ ಹಗಲಿನಲ್ಲಿ ನಲವತ್ತು ಕಿಲೋಮೀಟರ್ ನಡೆಯಲು ಆಗುವುದಿಲ್ಲ ಎಂದು ತುಮಕೂರಿನ ನನ್ನ ನಡಿಗೆಯ ಗೆಳೆಯರು ಹೇಳುತ್ತಲೇ ಬಂದಿದ್ದರು. ಅವರೆಲ್ಲ ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿಯ ಏಕಶಿಲೆ ಹತ್ತಿ ಪಳಗಿದವರು. ಬೇಸಿಗೆಯಲ್ಲಿ ನಾಲೆಯ ಏರಿ ಅವರ ಲೆಕ್ಕದಲ್ಲಿ ನಡಿಗೆಯೇ ಅಲ್ಲ, ಮಳೆಗಾಲದಲ್ಲಿ ಅದೇ ಏರಿ ಅಸಾಧ್ಯ. ಕಳೆದ ನವೆಂಬರಿನಲ್ಲಿ ನಾನು ಅದನ್ನು ನಡೆದು ಮುಗಿಸಿದೆ. ಬೆಳಗಿನ ಐದರ ಹೊತ್ತಿಗೆ ತಿಪಟೂರು ತಾಲೂಕಿನ ಒಂದು ಸೇತುವೆಯಿಂದ ಹೊರಟು, ತುರುವೇಕೆರೆ ಸೀಮೆ ದಾಟಿ, ಸಂಜೆ ಐದೂವರೆಗೆ ಗುಬ್ಬಿ ತಾಲೂಕಿನಲ್ಲಿ ಏರಿಯಿಂದ ಕೆಳಗಿಳಿದೆ. ನಲವತ್ತೊಂದೋ ನಲವತ್ತೆರಡೋ ಕಿಲೋಮೀಟರ್ ಆಗಿರಬೇಕು. ಮೊಬೈಲ್ ಮಧ್ಯಾಹ್ನವೇ ಆರಿತ್ತು, ಆಮೇಲಿನ ಲೆಕ್ಕವೆಲ್ಲ ನಾಲೆಯ ಕಿಲೋಮೀಟರ್ ಕಲ್ಲುಗಳದ್ದು. ಕಾಲಿನಲ್ಲಿ ಒಂದೂ ಬೊಕ್ಕೆ ಇರಲಿಲ್ಲ. ಮರುದಿನ ಎಂದಿನಂತೆ ಕೆಲಸಕ್ಕೆ ಹೋದೆ.

ಇಲ್ಲಿಗೆ ಬರುವಷ್ಟರಲ್ಲಿ ಹಣ ಸಾಕಷ್ಟು ಹೋಗಿದೆ. ಹೆಚ್ಚಿನದು ಹೋದದ್ದು ಪಾದಕ್ಕೆ. ನೀರು ಒಳಗೆ ಬಿಡದ ಶೂ ಎಂದು ಆರೂವರೆ ಸಾವಿರದ ಸುಮಾರಿಗೆ ಕೊಂಡಿದ್ದೆ. ಹೊರಗಿನಿಂದ ನೀರು ಬಿಡಲಿಲ್ಲ, ನಿಜ. ಆದರೆ ದಿನವಿಡೀ ಮಳೆಯಲ್ಲಿ ನಡೆಯುವವನಿಗೆ ನೀರು ಬರುವುದು ಮೇಲಿನಿಂದ, ಪ್ಯಾಂಟು ಮತ್ತು ಕಾಲ್ಚೀಲದ ಮೂಲಕ ಇಳಿದು. ಒಳಗೆ ಇಳಿದ ನೀರು ಹೊರಗೆ ಹೋಗಲು ಆ ಶೂ ಬಿಡುವುದಿಲ್ಲ. ಹದಿನೆಂಟನೆಯ ಕಿಲೋಮೀಟರ್ ಹೊತ್ತಿಗೆ ಪಾದ ಬೆಳ್ಳಗೆ ನೆನೆದು ಸುಕ್ಕುಗಟ್ಟಿ, ಹಿಮ್ಮಡಿಯ ಚರ್ಮ ಪದರವಾಗಿ ಏಳತೊಡಗಿತ್ತು. ಬಲೆಯ ಬಟ್ಟೆಯ ಓಟದ ಶೂ ಪ್ರಯತ್ನಿಸಿದೆ. ನೀರು ಸರಾಗವಾಗಿ ಹೋಯಿತು, ಆದರೆ ಕೆಮ್ಮಣ್ಣಿನ ಸಣ್ಣ ಮರಳು ಒಳಗೆ ಉಳಿದು ಉಜ್ಜಿತು. ತೆಳು ತಳದ ಅಗ್ಗದ ಸ್ಯಾಂಡಲ್ ಹಾಕಿಕೊಂಡಾಗ ಬಳ್ಳಾರಿ ಜಾಲಿಯ ಮುಳ್ಳು ತಳ ದಾಟಿ ಬಂತು. ಏರಿಯ ಎರಡೂ ಬದಿಯ ಜಾಲಿಯನ್ನು ಕಡಿದವರು ಕೊಂಬೆಗಳನ್ನು ದಾರಿಯ ಮೇಲೇ ಬಿಟ್ಟಿರುತ್ತಾರೆ, ಕೆಸರಿನಲ್ಲಿ ಮುಳ್ಳು ಕಾಣುವುದಿಲ್ಲ.

ಕೊನೆಗೆ ಗೆದ್ದದ್ದು ಟೈರಿನಂಥ ದಪ್ಪ ತಳದ, ಹಿಂದೆ ಪಟ್ಟಿ ಇರುವ, ಏಳುನೂರು ರೂಪಾಯಿಯ ಸ್ಯಾಂಡಲ್. ಪಾದ ನೆನೆಯದಂತೆ ನೋಡಿಕೊಳ್ಳುವ ಹಟವನ್ನೇ ಬಿಟ್ಟೆ. ನೆನೆಯಲಿ, ಆದರೆ ನೆನೆದೇ ಇರಬಾರದು. ಎಂಟು ಹತ್ತು ಕಿಲೋಮೀಟರಿಗೊಮ್ಮೆ ಸೂರು ಸಿಕ್ಕಲ್ಲಿ ಕುಳಿತು, ಹಳೆಯ ಪಂಚೆಯ ತುಂಡಿನಿಂದ ಬೆರಳ ಸಂದಿಯನ್ನೆಲ್ಲ ಒರೆಸಿ, ಕಾಲು ಗಂಟೆ ಗಾಳಿಗೆ ಬಿಡುತ್ತೇನೆ. ಆಮೇಲೆ ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಮಾಡಿದ ಲೇಪ. ಅದರಲ್ಲಿ ಇನ್ನೊಂದು ವಸ್ತು ಇದೆ, ಅಳತೆಯೂ ಇದೆ. ಅವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬರಿಯ ಹರಳೆಣ್ಣೆ ಒಂದು ಗಂಟೆಯಲ್ಲಿ ತೊಳೆದು ಹೋಗುತ್ತದೆ, ಪೆಟ್ರೋಲಿಯಂ ಜೆಲ್ಲಿ ಎರಡು ಗಂಟೆ ನಿಲ್ಲುತ್ತದೆ. ನನ್ನ ಲೇಪ ಒಂದು ವಿರಾಮದಿಂದ ಇನ್ನೊಂದು ವಿರಾಮದವರೆಗೆ ನಿಂತಿತು.

ಮೈಗೆ ರೇನ್‌ಕೋಟು ಬೇಡ. ಎರಡು ಸಾವಿರದ ಎಂಟುನೂರು ಕೊಟ್ಟದ್ದರಲ್ಲೂ ನಾಲ್ಕನೆಯ ಕಿಲೋಮೀಟರಿಗೆ ಬೆವರಿನಿಂದ ಒಳಗೆ ಮಳೆಗಿಂತ ಹೆಚ್ಚು ಒದ್ದೆಯಾಗಿತ್ತು. ನಮ್ಮ ಸೀಮೆಯ ಮಳೆ ಅಷ್ಟು ತಣ್ಣನೆಯದಲ್ಲ. ಕೊಡೆಯೇ ಸರಿ, ಫೈಬರ್ ಕಡ್ಡಿಯದು, ಮುನ್ನೂರೈವತ್ತರೊಳಗೆ ಸಿಗುತ್ತದೆ. ಎತ್ತರದ ಏರಿಯ ಮೇಲೆ ಗಾಳಿ ತಿರುವುತ್ತದೆ, ಅಲ್ಲಿ ಕೊಡೆಯನ್ನು ತಲೆಗೆ ತಾಗುವಷ್ಟು ಇಳಿಸಿ ಹಿಡಿಯಬೇಕು. ನಾಲೆ ದಿಣ್ಣೆಯನ್ನು ಸೀಳಿಕೊಂಡು ಹೋಗುವ ಆಳದ ಕಟಿಂಗ್‌ನಲ್ಲಿ ಗಾಳಿಯ ಕಾಟ ಕಡಿಮೆ. ನಡುವೆ ಒಮ್ಮೆ ಅಜ್ಜನ ಕಾಲದ ಕುರಿಯ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ನಡೆದೆ. ಮೊದಲ ಎರಡು ತಾಸು ಅದಕ್ಕೆ ಸಾಟಿಯೇ ಇಲ್ಲ, ಹನಿಗಳು ಉಣ್ಣೆಯ ಮೇಲೆಯೇ ನಿಲ್ಲುತ್ತವೆ. ಆಮೇಲೆ ಅದು ನೀರು ಕುಡಿದು ಕುತ್ತಿಗೆಯನ್ನು ಜಗ್ಗತೊಡಗುತ್ತದೆ. ಎರಡು ಕಿಲೋ ಇದ್ದದ್ದು ನಾಲ್ಕಾಗಿತ್ತೇನೋ. ಒದ್ದೆಯಾದರೂ ಬೆಚ್ಚಗಿರುತ್ತದೆ ಎಂಬುದು ಮಾತ್ರ ಸತ್ಯ. ಕುರಿ ಕಾಯುತ್ತಾ ನಿಲ್ಲುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ನಡೆಯುವವರಿಗೆ ಆಗದು.

ಎಲ್ಲಕ್ಕಿಂತ ದೊಡ್ಡ ವಿಷಯ ದಿನದ ಆಯ್ಕೆ. ತುಮಕೂರಿನಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಯಲ್ಲಿ. ನಾಲೆಯೂ ಆಗ ತುಂಬಿರುತ್ತದೆ. ಆದರೆ ಅದು ಗುಡುಗಿನ ಮಳೆ. ಬೆಳಗ್ಗೆ ಬಿಸಿಲು ಕಾದು, ಮೂರು ಗಂಟೆಯ ನಂತರ ಸಿಡಿಲಿನೊಂದಿಗೆ ಒಮ್ಮೆಲೇ ಸುರಿಯುತ್ತದೆ. ಕುರುಡು ಚಿತ್ತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಈ ಹೊಲಕ್ಕೆ ಬಿದ್ದದ್ದು ಆ ಹೊಲಕ್ಕೆ ಬೀಳುವುದಿಲ್ಲ. ಸುತ್ತಲ ರಾಗಿ ಹೊಲಗಳಿಗಿಂತ ಎತ್ತರದ ಏರಿಯ ಮೇಲೆ ಕೊಡೆ ಹಿಡಿದವನೇ ಸಿಡಿಲಿಗೆ ಮೊದಲ ಗುರಿ. ತೆಂಗಿನ ತೋಟಕ್ಕೆ ಓಡುವುದು ಇನ್ನೂ ಅಪಾಯ. ಅಂಥ ಮಳೆಯಲ್ಲಿ ಅರ್ಧಕ್ಕೇ ಇಳಿದು ಆಟೋ ಹಿಡಿದದ್ದಿದೆ, ಮುನ್ನೂರು ನಾನೂರು ರೂಪಾಯಿ ತೆತ್ತದ್ದಿದೆ. ನನಗೆ ಬೇಕಾದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಜಡಿಮಳೆ: ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ, ಬಿಸಿಲಿಲ್ಲ, ಗುಡುಗು ಅಪರೂಪ. ಕುಸಿತ ಚೆನ್ನೈ ಕಡೆ ಬರುತ್ತಿದೆ ಎಂದಾಗಲೇ ಚೀಲ ಕಟ್ಟುತ್ತೇನೆ. ಹಿಂದಿನ ರಾತ್ರಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಹೋಬಳಿಯ ಹೆಸರು ಹೇಳಿ ಕೇಳುತ್ತೇನೆ. ಗುಡುಗು ಎಂದರೆ ಹೊರಡುವುದಿಲ್ಲ. ಗೆಳೆಯರು ಸೋತದ್ದು ಇಲ್ಲಿಯೇ. ಮಳೆ ಎಂದರೆ ಎಲ್ಲವೂ ಒಂದೇ ಎಂದುಕೊಂಡಿದ್ದರು.

ನೆಲದ ವಿಚಾರ. ಗೊರೂರಿನ ಅಣೆಕಟ್ಟೆಯ ನೀರು ಬಾಗೂರು–ನವಿಲೆ ಸುರಂಗ ದಾಟಿ ನಮ್ಮ ಜಿಲ್ಲೆಗೆ ಬರುವುದು ಈ ನಾಲೆಯಲ್ಲಿ. ತುಮಕೂರು ನಗರ ಕುಡಿಯುವ ಬುಗುಡನಹಳ್ಳಿ ಕೆರೆಯ ನೀರೂ ಇದೇ. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆ ನೆಲದ ಮಟ್ಟ ಹಿಡಿದು ಬಳಸಿ ಬಳಸಿ ಹೋಗುತ್ತದೆ. ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಇರುವ ಎರಡು ಊರುಗಳ ನಡುವೆ ಏರಿಯ ಮೇಲೆ ಏಳು ಆಗುವುದುಂಟು. ಹಾಗಾಗಿ ನಕ್ಷೆ ನೋಡಿ ದೂರ ಅಂದಾಜು ಮಾಡಿದವರೆಲ್ಲ ಕತ್ತಲಲ್ಲಿ ಸಿಕ್ಕಿಕೊಂಡರು. ನಾನು ಆ ಬಳಸು ದಾರಿಯನ್ನೇ ಅನುಕೂಲ ಮಾಡಿಕೊಂಡೆ. ಯಾವ ಸೇತುವೆಯಲ್ಲಿ ಇಳಿದರೆ ಬಸ್ಸಿನ ರಸ್ತೆ ಹತ್ತಿರ, ಎಲ್ಲಿಂದ ಬಾಣಸಂದ್ರ ಅಥವಾ ನಿಟ್ಟೂರಿನ ರೈಲು ನಿಲ್ದಾಣಕ್ಕೆ ಆಟೋ ಸಿಗುತ್ತದೆ ಎಂದು ಮೊದಲೇ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಟ್ಟಿದ್ದೆ. ಹೊರಟ ಸೇತುವೆ ಯಾವುದೆಂದು ಬರೆಯುವುದಿಲ್ಲ. ಆ ಬದಿಯ ಏರಿಯಲ್ಲಿ ಟ್ರಾಕ್ಟರ್ ಓಡಾಟ ಕಡಿಮೆ, ಅದು ಹಾಗೆಯೇ ಇರಲಿ.

ಟ್ರಾಕ್ಟರ್ ಓಡಿದ ಕಡೆ ಎರಡು ಗಾಲಿಯ ಗುಂಡಿಗಳಲ್ಲಿ ಮೊಣಕಾಲುದ್ದ ಕೆಸರು. ನಡುವೆ ಗರಿಕೆ ಬೆಳೆದ ಒಂದು ಅಡಿ ಅಗಲದ ಪಟ್ಟಿ ಉಳಿದಿರುತ್ತದೆ, ಬೇರು ಮಣ್ಣನ್ನು ಹಿಡಿದಿರುತ್ತದೆ. ಇಡೀ ದಿನ ಆ ಪಟ್ಟಿ ಬಿಡಬಾರದು. ಕಪ್ಪು ಜೇಡಿ ಬಂದಲ್ಲಿ ಗರಿಕೆಯೂ ಇರುವುದಿಲ್ಲ. ಅಲ್ಲಿ ಏರಿಯ ಹೊರಮೈಗೆ ಇಳಿದು ತೋಟದ ಬದುವಿನಲ್ಲಿ ಸಾಗಬೇಕು. ನೀರಿನ ಕಡೆಯ ಕಾಂಕ್ರೀಟ್ ಇಳಿಜಾರಿಗೆ ಮಾತ್ರ ಯಾವ ಕಾರಣಕ್ಕೂ ಕಾಲಿಡಬೇಡಿ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಜಾರಿದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಂದವರೂ ಹತ್ತಲಾರರು. ಪ್ರತಿ ವರ್ಷ ಮಕ್ಕಳು, ಬಟ್ಟೆ ಒಗೆಯಲು ಹೋದವರು ಇಂಥ ನಾಲೆಗಳಲ್ಲಿ ಹೋಗುತ್ತಿದ್ದಾರೆ. ಕೈಕಾಲು ತೊಳೆಯಲು ಮೆಟ್ಟಿಲು ಇರುವ ಜಾಗದವರೆಗೂ ಕಾಯಿರಿ.

ನೇರವಾದ ಒಂದು ಭಾಗದಲ್ಲಿ ನೀರಿನ ಜೊತೆ ನಡೆದು ನೋಡಿದೆ. ಮೊದಲು ಒಣ ತೆಂಗಿನ ಮಟ್ಟೆ ತೇಲಿಬಿಟ್ಟೆ, ಗಾಳಿಗೆ ಸಿಕ್ಕಿ ದಡ ಸೇರಿತು. ಕುಡಿದ ಎಳನೀರಿನ ಬುರುಡೆಗೆ ನೀರು ತುಂಬಿ ಬಿಟ್ಟರೆ ಮುಕ್ಕಾಲು ಮುಳುಗಿ ಹರಿವಿನೊಂದಿಗೆ ನೆಟ್ಟಗೆ ಹೋಗುತ್ತದೆ. ಎರಡು ಕಲ್ಲುಗಳ ನಡುವೆ ಅದು ಗಂಟೆಗೆ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿ ಹೋಯಿತು, ನಾನು ನಾಲ್ಕೂವರೆಯಲ್ಲಿ. ಮೇಲ್ಮೈಯ ವೇಗದ ನೂರಕ್ಕೆ ಎಂಬತ್ತೈದರಷ್ಟೇ ಇಡೀ ಹರಿವಿನ ಸರಾಸರಿ ಎಂದು ಹಿಡಿಯುವುದು ರೂಢಿ, ಅಂದರೆ ನೀರು ನನಗಿಂತ ಇನ್ನೂ ನಿಧಾನ. ಆ ಲೆಕ್ಕ ಸಿಕ್ಕ ಮೇಲೆ ನನಗೆ ಧೈರ್ಯ ಬಂತು: ನೀರಿನ ಹೆಜ್ಜೆಗೆ ಸರಿಯಾಗಿ ನಡೆದರೂ ಕತ್ತಲಾಗುವ ಮುಂಚೆ ತಲುಪುತ್ತೇನೆ.

ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ, ತಿಪಟೂರಿನ ಕೊಬ್ಬರಿ. ಚಪಾತಿ ಒದ್ದೆಯಾಗಿ ಹಿಟ್ಟಾಗುತ್ತದೆ, ಬಿಸ್ಕತ್ತು ಒಂದು ಗಂಟೆಯೂ ಹಿಡಿಯುವುದಿಲ್ಲ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗದೆ ತಲೆನೋವು ಬರುತ್ತದೆ, ಆದ್ದರಿಂದ ಗಂಟೆಗೊಮ್ಮೆ ಉಪ್ಪು ನಿಂಬೆಯ ನೀರನ್ನು ಕುಡಿಯಲೇಬೇಕು. ಬಸ್ಸು, ಚಹಾ, ಎಳನೀರು, ಸಂಜೆಯ ಊಟ ಎಲ್ಲ ಸೇರಿ ಆ ದಿನದ ಖರ್ಚು ಮುನ್ನೂರು ದಾಟಲಿಲ್ಲ. ಅದಕ್ಕೆ ಮುಂಚೆ ವ್ಯರ್ಥವಾದ ಸಾಮಾನಿಗೆ ಹದಿನೈದು ಸಾವಿರವಾದರೂ ಹೋಗಿದೆ.

ದಾರಿಯಲ್ಲಿ ನಾಲೆಯ ನೀರು ಬಿಡುವ ಒಬ್ಬ ನೀರುಗಂಟಿ ತೂಬಿನ ಬಳಿ ನಿಲ್ಲಿಸಿ ಯಾವ ಇಲಾಖೆಯವರು ಎಂದು ಕೇಳಿದರು. ಗುಬ್ಬಿ ತಾಲೂಕಿನ ಡಿ. ರಾಂಪುರದ ಬಳಿ ನಾಲೆಯ ಎಪ್ಪತ್ತನೆಯ ಕಿಲೋಮೀಟರಿನಿಂದ ಕುಣಿಗಲ್ ಕಡೆಗೆ ನೀರು ಒಯ್ಯಲು ಹೊಸ ಲಿಂಕ್ ಕೆನಾಲ್ ಮಾಡುವುದರ ವಿರುದ್ಧ ಜಿಲ್ಲೆಯಲ್ಲಿ ಹೋರಾಟ ನಡೆದಿರುವುದರಿಂದ ಏರಿಯ ಮೇಲೆ ಅಪರಿಚಿತರು ಕಂಡರೆ ಜನ ಅಳತೆಗೆ ಬಂದವರೆಂದು ಅನುಮಾನಿಸುತ್ತಾರೆ. ಸುಮ್ಮನೆ ನಡೆಯಲು ಬಂದಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ಊರ ಹೆಸರು, ಹೊರಟ ಜಾಗ, ಸೇರುವ ಜಾಗ ಮೂರನ್ನೂ ಹೇಳಿದರೆ ನಂಬುತ್ತಾರೆ. ಆ ನೀರುಗಂಟಿ ತಮ್ಮ ಗುಡಿಸಲಲ್ಲಿ ಕೂರಿಸಿ, ಮುಂದೆ ಏರಿ ಕುಸಿದಿರುವ ಜಾಗವನ್ನೂ ಹೇಳಿ, ಬೆಂಕಿಯ ಮುಂದೆ ನನ್ನ ಪಂಚೆಯ ತುಂಡನ್ನು ಒಣಗಿಸಿಕೊಟ್ಟರು.

ಬರುವ ನವೆಂಬರಿನಲ್ಲಿ ಮೇಲಿನ ಭಾಗವನ್ನು, ಗೊರೂರಿನಿಂದ ಕೆಳಕ್ಕೆ, ಹಿಡಿಯಬೇಕೆಂದಿದ್ದೇನೆ. ಬಾಗೂರಿನಿಂದ ನವಿಲೆಗೆ ಸುಮಾರು ಹತ್ತು ಕಿಲೋಮೀಟರ್ ನೀರು ನೆಲದೊಳಗೆ ಹೋಗುವುದರಿಂದ ಅಲ್ಲಿ ಏರಿಯಿಲ್ಲ, ಹೊಲಗಳ ನಡುವೆ ದಾರಿ ಕೇಳಿಕೊಂಡು ದಾಟಬೇಕು. ಎರಡು ದಿನದ ಕೆಲಸ. ಜೊತೆಗೆ ಬರುವವರು ಅದಕ್ಕೆ ಮುಂಚೆ ಒಂದು ಮಳೆಯ ದಿನ ಹದಿನೈದು ಕಿಲೋಮೀಟರ್ ನಡೆದು ತಮ್ಮ ಪಾದವನ್ನು ನೋಡಿಕೊಂಡಿರಬೇಕು. ಹೊಸ ಚಪ್ಪಲಿ ಹಾಕಿಕೊಂಡು ಬಂದವರನ್ನು ಕರೆದೊಯ್ಯುವುದಿಲ್ಲ.