‘ಬಂದರೆ’ ಮತ್ತು ‘ಬಂದರೂ’ ನಡುವೆ

ಪುಸ್ತಕದಲ್ಲಿ ಇದ್ದದ್ದು ‘ಅಮ್ಮ ರೊಟ್ಟಿ ಮಾಡಿದಳು’. ಮೂರನೇ ತರಗತಿಯ ಹುಡುಗಿ ಬೆರಳಿಟ್ಟು ಓದಿದ್ದು ‘ಅವ್ವ ರೊಟ್ಟಿ ಬಡಿದಳು’. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಶಾಲೆಗೆ ನಾನು ಬಂದು ಆಗ ಎರಡು ವರ್ಷ. ‘ನೋಡಿ ಓದು’ ಎಂದು ಗದರಿಬಿಟ್ಟೆ. ಸಂಜೆ ಬಸ್ಸಿನಲ್ಲಿ ಅದೇ ಕಾಡಿತು. ಜೋಳದ ರೊಟ್ಟಿಯನ್ನು ನಮ್ಮಲ್ಲಿ ಬಡಿಯುವುದೇ ತಾನೇ? ‘ರೊಟ್ಟಿ’ ಕಂಡೊಡನೆ ಮುಂದಿನ ಪದ ಅವಳ ನಾಲಿಗೆಗೆ ಬಂದಿತ್ತು. ಕೊನೆಯ ‘ಅಳು’ ಕೂಡ ತಪ್ಪಿರಲಿಲ್ಲ.

ಮುಂದಿನದನ್ನು ಊಹಿಸುವ ಆ ಶಕ್ತಿಯನ್ನು ಶಾಲೆ ಕೊಟ್ಟಿರಲಿಲ್ಲ. 1996ರಲ್ಲಿ ಸ್ಯಾಫ್ರನ್, ಆಸ್ಲಿನ್, ನ್ಯೂಪೋರ್ಟ್ ಎಂಬ ಅಮೆರಿಕದ ಸಂಶೋಧಕರು ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಲಿಗಳನ್ನು ಬಿಡುವಿಲ್ಲದೆ ಎರಡು ನಿಮಿಷ ಕೇಳಿಸಿದರು. ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬಷ್ಟರಿಂದಲೇ ಕೂಸುಗಳು ‘ಪದ’ಗಳ ಗಡಿಯನ್ನು ಹಿಡಿದವು.

ರೊಟ್ಟಿಯ ಆ ಸಂಜೆಯ ನಂತರ ನಾನು ಪಾಠದ ಕ್ರಮ ಬದಲಿಸಿದೆ. ಒತ್ತಕ್ಷರಗಳಿಗೆ ಬಸ್ಸಿನ ಬೋರ್ಡುಗಳೇ ಸಾಕಾದವು: ಮೊದಲು ಕೊಪ್ಪಳ, ಬಳ್ಳಾರಿ, ಅವು ಕೈಗೆ ಬಂದ ಮೇಲೆ ಕುಷ್ಟಗಿ. ಒಂದೇ ಅಕ್ಷರ ತನ್ನದೇ ಒತ್ತು ಪಡೆಯುವುದು ಅಕ್ಕ, ಅಪ್ಪ, ಹಳ್ಳಿ ಎಂದು ಮಕ್ಕಳಿಗೆ ಎಲ್ಲೆಲ್ಲೂ ಸಿಗುತ್ತದೆ.

ವಾಕ್ಯಗಳದ್ದು ಬೇರೆ ಕಥೆ. ಇಂತಿಷ್ಟು ಪದಗಳಿಗೊಂದನ್ನು ಅಳಿಸಿ ಓದುಗರಿಂದ ತುಂಬಿಸುವ ವಿಧಾನವನ್ನು ವಿಲ್ಸನ್ ಟೇಲರ್ 1953ರಲ್ಲಿ ಇಂಗ್ಲಿಷಿನಲ್ಲಿ ರೂಪಿಸಿದ್ದರು. ನಾನೂ ಐದಕ್ಕೊಂದು ಪದ ಮುಚ್ಚಿದೆ, ಮಕ್ಕಳು ಕಂಗಾಲಾದರು. ಕನ್ನಡದ ಒಂದು ಪದವೇ ಕಾಲ, ಲಿಂಗ, ವಚನಗಳನ್ನೆಲ್ಲ ಹೊತ್ತಿರಬಹುದು, ಎಲ್ಲೆಂದರಲ್ಲಿ ಪದಗಳನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಆದ್ದರಿಂದ ವಾಕ್ಯದ ಕೊನೆಯ ಕ್ರಿಯಾಪದವನ್ನಷ್ಟೇ ಕಾಗದದ ಪಟ್ಟಿಯಿಂದ ಮುಚ್ಚತೊಡಗಿದೆ. ‘ನಾನು ನಾಳೆ ಸಂತೆಗೆ’ ಎಂದರೆ ತರಗತಿಯೆಲ್ಲ ‘ಹೋಗುತ್ತೇನೆ’ ಎನ್ನುತ್ತಿತ್ತು. ‘ನಾನು’ ಅಳಿಸಿ ‘ಅವರು’ ಎಂದು ಬರೆದರೆ ಮುಚ್ಚಿದ ಪದವೂ ಅವರ ಬಾಯಲ್ಲಿ ಬದಲಾಗುತ್ತಿತ್ತು.

ಆದರೆ ಒಬ್ಬ ಹುಡುಗ ಅಕ್ಷರ ಬಿಟ್ಟು ಚಿತ್ರ ನೋಡಿಯೇ ‘ಓದ’ತೊಡಗಿದ. ಇದು ನನ್ನ ತಪ್ಪು: ಊಹೆಯನ್ನು ಮೆಚ್ಚಿದೆ, ಪರೀಕ್ಷಿಸಲು ಕಲಿಸಿರಲಿಲ್ಲ. ನುರಿತ ಓದುಗ ಅಕ್ಷರಗಳನ್ನು ಹಾರಿಸುವುದಿಲ್ಲ. ತಡವರಿಸುವವನೇ ಸಂದರ್ಭಕ್ಕೆ ಹೆಚ್ಚು ಜೋತುಬೀಳುತ್ತಾನೆ. ಪಟ್ಟಿ ಎತ್ತಿ, ಊಹೆಯನ್ನು ಒಪ್ಪುವ ಅಥವಾ ಒಪ್ಪದ ಅಕ್ಷರಕ್ಕೆ ಬೆರಳಿಡಬೇಕು ಎಂದು ನಿಯಮ ಮಾಡಿದೆ.

ಕೆಲವು ತಿಂಗಳ ನಂತರ ಕಪ್ಪು ಹಲಗೆಯ ಮೇಲೆ ‘ಮಳೆ ಬಂದರೂ ಕೆರೆ ತುಂಬಲಿಲ್ಲ’ ಎಂದು ಬರೆದೆ. ಆ ಹುಡುಗಿ ‘ಮಳೆ ಬಂದರೆ ಕೆರೆ...’ ಎಂದು ಶುರುಮಾಡಿ, ‘ತುಂಬಲಿಲ್ಲ’ ಕಂಡು ನಿಂತಳು. ನಾನು ಬಾಯಿ ತೆರೆಯಲಿಲ್ಲ. ಅವಳ ಬೆರಳು ತಾನಾಗಿ ಹಿಂದೆ ಸರಿದು ‘ರೂ’ ಮೇಲೆ ಕುಳಿತಿತು.