‘ಹೋಲ್ಡ್ ಆನ್’ ಬಳಸುವುದು ಹೇಗೆ?

ಕೇಳುಗರನ್ನು ಕ್ಷಣಕಾಲ ತಡೆದು ನಿಲ್ಲಿಸಲು ಇಂಗ್ಲಿಷಿನಲ್ಲಿರುವ ಹಲವು ಮಾತುಗಳಲ್ಲಿ ನಮ್ಮ ನಾಲಿಗೆಗೆ ಬಹುಬೇಗ ಒಗ್ಗಿದ್ದು ‘ಹೋಲ್ಡ್ ಆನ್’. ಆದರೆ ಹಿಡಿದುಕೊಳ್ಳುವುದು, ಆಕ್ಷೇಪಿಸುವುದು, ಪಟ್ಟು ಬಿಡದೆ ನಿಲ್ಲುವುದು ಕೂಡ ಇದೇ ಎರಡು ಪದಗಳಲ್ಲಿ ಅಡಗಿರುವುದರಿಂದ, ಬಳಸುವ ಮೊದಲು ಅದರ ಅಕ್ಕಪಕ್ಕ ಏನಿದೆ ಎಂಬುದನ್ನು ಗಮನಿಸಬೇಕು.

ಮೊದಲಿಗೆ, ಮುಂದೆ ‘ಟು’ ಇದೆಯೇ ನೋಡಿ. ‘ಹೋಲ್ಡ್ ಆನ್ ಟು ದ ರೇಲ್’ ಎಂದರೆ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು. ಇಲ್ಲಿ ‘ಟು’ ಬಿಟ್ಟರೆ ವಾಕ್ಯ ತಪ್ಪಾಗುತ್ತದೆ. ಅಂಗಡಿಯವರು ‘ಹೋಲ್ಡ್ ಆನ್ ಟು ದ ರಸೀಟ್’ ಎಂದರೆ ರಸೀದಿಯನ್ನು ಕೈಯಲ್ಲೇ ಹಿಡಿದಿರಬೇಕಾಗಿಲ್ಲ, ಎಸೆಯದೆ ಇಟ್ಟುಕೊಂಡಿದ್ದರೆ ಸಾಕು.

‘ಟು’ ಇಲ್ಲದೆ, ಮಾತು ಅಲ್ಲಿಗೇ ನಿಂತರೆ ಅಥವಾ ‘ಎ ಮಿನಿಟ್’, ‘ಎ ಸೆಕೆಂಡ್’ ಎಂಬಂಥ ಅಲ್ಪಕಾಲದ ಸೂಚನೆ ಬಂದರೆ, ಸಾಮಾನ್ಯವಾಗಿ ಅದು ಕಾಯುವ ಅರ್ಥವೇ. ಬಸ್ಸಿಗಾಗಿ ಗಂಟೆಗಟ್ಟಲೆ ಕಾದದ್ದನ್ನು ಹೇಳಲು ಇದು ಒದಗುವುದಿಲ್ಲ. ಅಲ್ಲಿ ‘ವೇಟ್’ ಎಂದೇ ಹೇಳಬೇಕು.

ಹೆಚ್ಚು ಎಚ್ಚರ ಬೇಕಾದದ್ದು ದೂರವಾಣಿಯಲ್ಲಿ. ಕನ್ನಡದ ‘ತಾಳಿ’, ‘ಇರಿ’ ಎಂಬ ರೂಪಗಳಲ್ಲೇ ಬಹುವಚನದ ಗೌರವ ಸೇರಿಕೊಂಡಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಗೆಳೆಯರೊಡನೆ ಸಹಜವಾಗಿ ಕೇಳುವ ಬರಿಯ ‘ಹೋಲ್ಡ್ ಆನ್’, ಗ್ರಾಹಕರ ಅಥವಾ ಮೇಲಧಿಕಾರಿಯ ಕಿವಿಗೆ ಅಪ್ಪಣೆಯಂತೆ ಬೀಳಬಹುದು. ‘ಕುಡ್ ಯು ಹೋಲ್ಡ್ ಆನ್ ಫಾರ್ ಎ ಮೊಮೆಂಟ್, ಪ್ಲೀಸ್?’ ಎಂದು ಕೇಳುವುದು ವಾಸಿ. ಕರೆಯನ್ನು ತಡೆಹಿಡಿಯುವುದಾದರೆ ‘ಮೇ ಐ ಪುಟ್ ಯು ಆನ್ ಹೋಲ್ಡ್?’ ಎಂದು ಕೇಳಿ, ಒಪ್ಪಿಗೆ ಬಂದ ಮೇಲಷ್ಟೇ ಗುಂಡಿ ಒತ್ತಿ, ಮರಳಿದಾಗ ‘ಥ್ಯಾಂಕ್ ಯು ಫಾರ್ ಹೋಲ್ಡಿಂಗ್’ ಎನ್ನುವುದು ಕಾಲ್ ಸೆಂಟರ್‌ಗಳ ರೂಢಿ. ಆ ನಡುವೆ ನಮ್ಮ ತಾಳ್ಮೆ ಪರೀಕ್ಷಿಸುವ ಸಂಗೀತಕ್ಕೆ ಅಮೆರಿಕದ ಆಲ್ಫ್ರೆಡ್ ಲೆವಿ ಎಂಬವರು 1966ರಲ್ಲಿ ಪೇಟೆಂಟನ್ನೇ ಪಡೆದಿದ್ದಾರೆ!

ಇನ್ನು ದನಿಯನ್ನು ಗಮನಿಸಿ. ‘ಹೋಲ್ಡ್ ಆನ್, ಯು ಸೆಡ್ ಫೈವ್ ಹಂಡ್ರೆಡ್ ಯೆಸ್ಟರ್ಡೇ’ ಎಂಬಲ್ಲಿ ಯಾರೂ ಯಾರಿಗಾಗಿಯೂ ಕಾಯುತ್ತಿಲ್ಲ. ‘ಇರಿ ಇರಿ, ನಿನ್ನೆ ಐನೂರು ಅಂದಿದ್ರಲ್ಲ’ ಎಂದು ನಾವು ವ್ಯಾಪಾರದ ನಡುವೆ ತಗಾದೆ ಎತ್ತುವಂತೆಯೇ ಇದು. ಹಿರಿಯರ ಮಾತನ್ನು ಹೀಗೆ ತುಂಡರಿಸದಿರುವುದು ಲೇಸು.

ಕಷ್ಟದಲ್ಲಿ ಜಗ್ಗದೆ ನಿಲ್ಲುವ ಅರ್ಥವನ್ನು ಕ್ರಿಕೆಟ್ ವರದಿಗಳಲ್ಲಿ ಚೆನ್ನಾಗಿ ಕಾಣಬಹುದು. 2021ರ ಜನವರಿಯ ಸಿಡ್ನಿ ಟೆಸ್ಟ್‌ನ ಕೊನೆಯ ದಿನ ಹನುಮ ವಿಹಾರಿ 161 ಎಸೆತಗಳನ್ನೂ ಅಶ್ವಿನ್ 128 ಎಸೆತಗಳನ್ನೂ ಎದುರಿಸಿ ಪಂದ್ಯವನ್ನು ಉಳಿಸಿಕೊಂಡದ್ದನ್ನು ‘ಇಂಡಿಯಾ ಹೆಲ್ಡ್ ಆನ್ ಫಾರ್ ಎ ಡ್ರಾ’ ಎಂದು ಹೇಳಬಹುದು. ಭೂತಕಾಲದ ರೂಪ ‘ಹೆಲ್ಡ್’ ಎಂದೇ. ‘ಹೋಲ್ಡೆಡ್’ ಎಂಬುದಿಲ್ಲ.

‘ಹ್ಯಾಂಗ್ ಆನ್’ ಇದರದೇ ಇನ್ನಷ್ಟು ಸಲುಗೆಯ ರೂಪ. ‘ಹ್ಯಾಂಗ್ ಅಪ್’ ಮಾತ್ರ ಪೂರ್ತಿ ಉಲ್ಟಾ: ಹಳೆಯ ಫೋನುಗಳಲ್ಲಿ ರಿಸೀವರನ್ನು ಕೊಕ್ಕೆಗೆ ತೂಗುಹಾಕಿದೊಡನೆ ಸಂಪರ್ಕ ಕಡಿಯುತ್ತಿದ್ದುದರಿಂದ ಅದಕ್ಕೆ ಕರೆ ಮುಗಿಸುವ ಅರ್ಥ ಬಂದಿದೆ. ಕಚೇರಿಯ ಪತ್ರಗಳಲ್ಲಿ ‘ಹೋಲ್ಡ್ ಆನ್’, ‘ಹ್ಯಾಂಗ್ ಆನ್’ ಎರಡನ್ನೂ ಕಾಯುವ ಅರ್ಥದಲ್ಲಿ ಬಳಸದೆ, ‘ಪ್ಲೀಸ್ ಅಲೌ ಅಸ್ ಟೂ ಡೇಸ್’ ಎಂದು ಬೇಕಾದ ಕಾಲಾವಕಾಶವನ್ನೇ ಸ್ಪಷ್ಟವಾಗಿ ಬರೆಯಿರಿ.